ಬಸುರಿಗೆ ಮನೆಯಲ್ಲೇ ನಿಗಾ: ಎಷ್ಟು ಸಾಧ್ಯ, ಎಷ್ಟು ಸಾಲದು?

ಸೀಮಂತ ಮುಗಿಯುತ್ತದೆ. ಹಸಿರು ಬಳೆ ತೊಟ್ಟ ಮಗಳನ್ನು ಅಪ್ಪ ಅಮ್ಮ ತವರಿಗೆ ಕರೆತರುತ್ತಾರೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬ ಪದ್ಧತಿ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇಂದಿಗೂ ಉಳಿದಿದೆ. ಉತ್ತರ ಕರ್ನಾಟಕದವರಾದರೆ ಕುಬಸ ಮಾಡಿ ಕರೆತರುತ್ತಾರೆ. ಸಾಮಾನ್ಯವಾಗಿ ಅದು ಏಳನೆಯ ತಿಂಗಳು.

ಅಲ್ಲಿಯವರೆಗೆ ಆಕೆಯನ್ನು ನೋಡಿದ ವೈದ್ಯರು ಗಂಡನ ಊರಿನಲ್ಲೇ ಉಳಿಯುತ್ತಾರೆ. ತವರಿನ ಆಸ್ಪತ್ರೆಗೆ ಆಕೆ ಹೊಸಬಳು. ‘ಸ್ವಲ್ಪ ಸುಧಾರಿಸಿಕೊಳ್ಳಲಿ, ಮುಂದಿನ ವಾರ ತೋರಿಸಿದರಾಯಿತು’ ಎನ್ನುತ್ತಾ ಎರಡು ಮೂರು ವಾರ ಕಳೆದುಹೋಗುವುದೂ ಉಂಟು. ‘ಮನೆಯಲ್ಲೇ ಬಿ.ಪಿ. ಯಂತ್ರ ಇದೆಯಲ್ಲ, ಡಾಕ್ಟರಿಗೆ ಫೋನಿನಲ್ಲಿ ಹೇಳಿದರೆ ಸಾಲದೇ?’ ಎಂಬ ಮಾತು ಈಗ ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಯಂತ್ರದ ಪಟ್ಟಿಯನ್ನು ತೋಳಿಗೆ ಕಟ್ಟಿ ಅಂಕಿ ಓದಿ ಹೇಳುವ ಕೆಲಸ ಪಿ.ಯು.ಸಿ. ಓದುವ ತಮ್ಮನದೋ ತಂಗಿಯದೋ ಆಗಿರುತ್ತದೆ. ಅಂಕಿ ಓದುವುದೇನೋ ಸುಲಭ. ಓದಿದ ಮೇಲೆ ಏನು ಮಾಡಬೇಕು ಎನ್ನುವುದು ಬೇರೆಯೇ ಪ್ರಶ್ನೆ.

ತೊಡಕಿಲ್ಲದ ಬಸುರಿನಲ್ಲಿ ಆಸ್ಪತ್ರೆಯ ಕೆಲವು ಭೇಟಿಗಳ ಬದಲು ಮನೆಯಲ್ಲೇ ಅಳತೆ ಮಾಡಿ, ದೂರದಿಂದಲೇ ಸಲಹೆ ಪಡೆಯಬಹುದೇ? ವೈದ್ಯಲೋಕ ಈ ಪ್ರಶ್ನೆಯನ್ನು ಗಂಭೀರವಾಗಿಯೇ ಪರೀಕ್ಷಿಸಿದೆ. ಬಂದಿರುವ ಉತ್ತರ ಪೂರ್ತಿ ‘ಹೌದು’ ಅಲ್ಲ, ‘ಇಲ್ಲ’ವೂ ಅಲ್ಲ. ಬೆಳೆದ ಮಕ್ಕಳೂ ಹೆತ್ತವರೂ ಒಟ್ಟಿಗೆ ತಿಳಿದಿರಬೇಕಾದ ಸಂಗತಿ ಇದು.

ವೇಳಾಪಟ್ಟಿ ಬಂದದ್ದು ಎಲ್ಲಿಂದ?

ಕಾಯಿಲೆ ಇಲ್ಲದ ಬಸುರಿಯನ್ನೂ ಆಗಾಗ ಪರೀಕ್ಷಿಸಬೇಕು ಎಂಬ ವಿಚಾರಕ್ಕೆ ಹೆಚ್ಚೆಂದರೆ ನೂರಿಪ್ಪತ್ತೈದು ವರ್ಷಗಳ ಇತಿಹಾಸ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಡಾ. ಬ್ಯಾಲಂಟೈನ್ ಎಂಬ ವೈದ್ಯರು 1901ರಲ್ಲಿ, ಹೆರಿಗೆಗೆ ಮುಂಚೆಯೇ ಬಸುರಿಯರನ್ನು ನೋಡಿಕೊಳ್ಳುವ ಆಸ್ಪತ್ರೆ ಬೇಕೆಂದು ವಾದಿಸಿದರು. 1929ರಲ್ಲಿ ಬ್ರಿಟನ್ನಿನ ಆರೋಗ್ಯ ಸಚಿವಾಲಯ ಒಂದು ವೇಳಾಪಟ್ಟಿ ಹೊರಡಿಸಿತು. 16, 24 ಮತ್ತು 28ನೆಯ ವಾರಗಳಲ್ಲಿ ಒಂದೊಂದು ಸಲ, ಆಮೇಲೆ 36ನೆಯ ವಾರದವರೆಗೆ ಹದಿನೈದು ದಿನಕ್ಕೊಮ್ಮೆ, ಕೊನೆಗೆ ಹೆರಿಗೆಯವರೆಗೆ ವಾರಕ್ಕೊಮ್ಮೆ ಪರೀಕ್ಷೆ.

ಇದೇ ಮಾದರಿ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಜಗತ್ತಿನ ಅನೇಕ ಕಡೆ ಹರಡಿತು. ಆದರೆ ಈ ಸಂಖ್ಯೆಗಳು ಯಾವ ಪ್ರಯೋಗದಿಂದಲೂ ಬಂದವಲ್ಲ. ಬಸುರಿನ ಕೊನೆಯ ತಿಂಗಳುಗಳಲ್ಲಿ ತೊಂದರೆ ಹೆಚ್ಚು, ಆದ್ದರಿಂದ ಆಗ ಹೆಚ್ಚು ಸಲ ನೋಡಬೇಕು ಎಂಬ ಅನುಭವದ ಲೆಕ್ಕಾಚಾರ ಅದರ ಹಿಂದಿತ್ತು. ಲೆಕ್ಕಾಚಾರ ತಪ್ಪೆಂದಲ್ಲ, ಅದನ್ನು ಯಾರೂ ಒರೆಗೆ ಹಚ್ಚಿರಲಿಲ್ಲ, ಅಷ್ಟೆ. ಹದಿಮೂರು ಹದಿನಾಲ್ಕು ಭೇಟಿಗಳಲ್ಲಿ ಎಷ್ಟು ನಿಜಕ್ಕೂ ಬೇಕು? ಮೈಲಿಗಟ್ಟಲೆ ನಡೆದು, ಒಂದು ದಿನದ ಕೂಲಿ ಬಿಟ್ಟು, ಸಾಲಿನಲ್ಲಿ ನಿಂತು, ಕೊನೆಗೆ ಐದು ನಿಮಿಷ ವೈದ್ಯರನ್ನು ಕಂಡು ಬರುವ ಹೆಂಗಸಿಗೆ ಈ ಪ್ರಶ್ನೆ ಚಿಕ್ಕದಲ್ಲ.

ನಾಲ್ಕೇ ಸಾಕೆ?

ಆ ಪ್ರಶ್ನೆಯನ್ನು ವಿಶ್ವ ಆರೋಗ್ಯ ಸಂಸ್ಥೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿತು. ಅರ್ಜೆಂಟೀನಾ, ಕ್ಯೂಬಾ, ಸೌದಿ ಅರೇಬಿಯಾ ಮತ್ತು ಥಾಯ್ಲೆಂಡಿನ 53 ಚಿಕಿತ್ಸಾಲಯಗಳು ಅದರಲ್ಲಿ ಸೇರಿದವು. 24 ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಚಿಕಿತ್ಸಾಲಯಗಳಲ್ಲಿ ಹಳೆಯ ಪದ್ಧತಿ. ಉಳಿದವುಗಳಲ್ಲಿ ಭೇಟಿ ಕಡಿಮೆ, ಆದರೆ ಪ್ರತಿ ಭೇಟಿಯಲ್ಲೂ ಖಚಿತವಾದ ಕೆಲಸ. ತಾಯಂದಿರ ಆರೋಗ್ಯದಲ್ಲಾಗಲಿ ಶಿಶುಗಳ ತೂಕದಲ್ಲಾಗಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ತೊಡಕಿಲ್ಲದ ಬಸುರಿಗೆ ನಾಲ್ಕು ಭೇಟಿ ಸಾಕು ಎಂಬ ಮಾದರಿ ಅನೇಕ ದೇಶಗಳಲ್ಲಿ ಜಾರಿಗೆ ಬಂತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಪ್ರಯೋಗದ ಅಂಕಿಗಳನ್ನು ಸಂಶೋಧಕರು ಮತ್ತೆ ಸೋಸಿ ನೋಡಿದರು. 2013ರಲ್ಲಿ ಪ್ರಕಟವಾದ ಆ ಪರಿಶೀಲನೆಯಲ್ಲಿ, ಭೇಟಿ ಕಡಿಮೆ ಮಾಡಿದ ಗುಂಪಿನಲ್ಲಿ ಹೊಟ್ಟೆಯಲ್ಲೇ ತೀರಿಕೊಂಡ ಶಿಶುಗಳು ಹೆಚ್ಚಾಗಿದ್ದುದು ಕಂಡುಬಂತು. ಆ ಹೆಚ್ಚಳ ಎದ್ದು ಕಂಡದ್ದು 32ರಿಂದ 36ನೆಯ ವಾರಗಳ ನಡುವೆ, ಹೊಸ ಪದ್ಧತಿಯಲ್ಲಿ ಎರಡು ಭೇಟಿಗಳ ನಡುವೆ ದೀರ್ಘ ಅಂತರ ಬೀಳುತ್ತಿದ್ದ ಆ ದಿನಗಳಲ್ಲಿ.

2016ರಲ್ಲಿ ಸಂಸ್ಥೆ ತನ್ನ ಸಲಹೆಯನ್ನು ಬದಲಿಸಿತು. ನಾಲ್ಕರ ಜಾಗದಲ್ಲಿ ಎಂಟು ಬಂತು: 12ನೆಯ ವಾರದೊಳಗೆ ಒಂದು, ಆಮೇಲೆ 20, 26, 30, 34, 36, 38 ಮತ್ತು 40ನೆಯ ವಾರಗಳಲ್ಲಿ. ಈ ಹೊಸ ಸಲಹೆಯಲ್ಲಿ ಒಂದು ಪದವೂ ಬದಲಾಯಿತು. ‘ಭೇಟಿ’ ಎನ್ನುವ ಬದಲು ‘ಸಂಪರ್ಕ’ ಎಂದು ಬರೆದರು. ಬಸುರಿ ಬಂದು ಮುಖ ತೋರಿಸಿ ಹೋದರೆ ಅದು ಭೇಟಿ. ಆಕೆಗೂ ಆರೋಗ್ಯ ಸಿಬ್ಬಂದಿಗೂ ನಡುವೆ ನಿಜವಾದ ಮಾತುಕತೆ, ತಪಾಸಣೆ, ನೆರವು ನಡೆದರೆ ಅದು ಸಂಪರ್ಕ. ಭೇಟಿ ಕಡಿಮೆಯಾದರೂ ಸಂಪರ್ಕ ಕಡಿಮೆಯಾಗಬಾರದು ಎಂಬುದೇ ಈ ಹದಿನೈದು ವರ್ಷಗಳ ಪಾಠದ ಸಾರ.

ರೋಚೆಸ್ಟರಿನ ‘ಗೂಡು’

ಹಾಗಾದರೆ ಭೇಟಿಗಳ ನಡುವಿನ ಅಂತರವನ್ನು ಮನೆಯಿಂದಲೇ ತುಂಬಬಹುದೇ? ಅಮೆರಿಕದ ಮಿನೆಸೋಟಾ ರಾಜ್ಯದ ರೋಚೆಸ್ಟರ್ ನಗರದಲ್ಲಿರುವ ಮೇಯೋ ಕ್ಲಿನಿಕ್ ಇದಕ್ಕಾಗಿ ‘ಓಬಿ ನೆಸ್ಟ್’ ಎಂಬ ಯೋಜನೆ ರೂಪಿಸಿತು. ನೆಸ್ಟ್ ಎಂದರೆ ಗೂಡು. ತೊಡಕಿಲ್ಲದ 300 ಗರ್ಭಿಣಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ರೂಢಿಯ ಪ್ರಕಾರ 12 ಭೇಟಿ. ಇನ್ನೊಂದಕ್ಕೆ ಆಸ್ಪತ್ರೆಯಲ್ಲಿ 8 ಭೇಟಿ, ದಾದಿಯೊಂದಿಗೆ ದೂರದಿಂದ 6 ಮಾತುಕತೆ. ಜೊತೆಗೆ ಮನೆಗೊಂದು ರಕ್ತದೊತ್ತಡದ ಯಂತ್ರ, ಮಗುವಿನ ಎದೆಬಡಿತ ಕೇಳುವ ಡಾಪ್ಲರ್ ಸಾಧನ, ಅವನ್ನು ಬಳಸುವ ತರಬೇತಿ, ಒಂದೇ ಹಂತದ ಗರ್ಭಿಣಿಯರು ಪರಸ್ಪರ ಮಾತನಾಡಿಕೊಳ್ಳಲು ಒಂದು ವೇದಿಕೆ.

2019ರಲ್ಲಿ ಫಲಿತಾಂಶ ಪ್ರಕಟವಾಯಿತು. ಗೂಡಿನ ಗುಂಪಿನವರಿಗೆ ತೃಪ್ತಿ ಹೆಚ್ಚು, ಬಸುರಿಗೆ ಸಂಬಂಧಿಸಿದ ಆತಂಕ ಕಡಿಮೆ. ತಾಯಿ ಮಗುವಿನ ಆರೋಗ್ಯದಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ವೈದ್ಯರನ್ನು ಕಾಣುವ ಸರದಿ ಸುಮಾರು ಮೂರರಷ್ಟು ಇಳಿಯಿತು.

ಇಲ್ಲಿ ಎರಡು ಅಂಶಗಳನ್ನು ಮರೆಯುವಂತಿಲ್ಲ. ಮೊದಲನೆಯದು, ದೂರದ ನಿಗಾ ಎಂದ ಮಾತ್ರಕ್ಕೆ ಆಸ್ಪತ್ರೆ ಬಿಟ್ಟುಹೋಗಲಿಲ್ಲ. ಎಂಟು ಭೇಟಿ ಉಳಿದೇ ಇತ್ತು. ಎರಡನೆಯದು, ಪ್ರತಿ ಬಸುರಿಗೂ ದಾದಿಯರು ಕೊಡಬೇಕಾದ ಸಮಯ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಯಂತ್ರ ಕೊಟ್ಟರೆ ಮನುಷ್ಯರು ಬೇಡ ಎಂದುಕೊಂಡವರಿಗೆ ಇದು ಉತ್ತರ. ಮುನ್ನೂರು ಮಂದಿಯ ಪ್ರಯೋಗ ಚಿಕ್ಕದು ಎಂಬುದೂ ನಿಜ. ಸಾವಿರಕ್ಕೆ ಕೆಲವರಿಗೆ ಮಾತ್ರ ಬರುವ ಆಪತ್ತು ಮುನ್ನೂರರಲ್ಲಿ ಕಾಣಿಸಿಕೊಳ್ಳದೇ ಹೋಗಬಹುದು. ಸಂಖ್ಯಾಶಾಸ್ತ್ರ ಓದುವ ವಿದ್ಯಾರ್ಥಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡ ಸಂಖ್ಯೆಯ ಪರೀಕ್ಷೆ ಕೋವಿಡ್ ಕಾಲದಲ್ಲಿ ತಾನಾಗಿಯೇ ನಡೆಯಿತು. 2020ರಲ್ಲಿ ಆಸ್ಪತ್ರೆಗೆ ಬರುವುದೇ ಅಪಾಯವಾದಾಗ, ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಮೊನಾಶ್ ಹೆಲ್ತ್ ಸಂಸ್ಥೆ ಅರ್ಧಕ್ಕಿಂತ ಹೆಚ್ಚು ಸಮಾಲೋಚನೆಗಳನ್ನು ದೂರದಿಂದಲೇ ನಡೆಸಿತು. ಹಳೆಯ ಪದ್ಧತಿಯಲ್ಲಿ ಹೆತ್ತ 20,031 ಮಂದಿಯನ್ನು ಹೊಸ ಪದ್ಧತಿಯ 2,292 ಮಂದಿಯೊಂದಿಗೆ ಹೋಲಿಸಿದಾಗ ತಾಯಿ ಮಗುವಿಗೆ ಹೆಚ್ಚಿನ ಹಾನಿ ಕಾಣಲಿಲ್ಲ. ಅಮೆರಿಕದ ಡಲ್ಲಾಸ್ ನಗರದಲ್ಲಿ ಬಡವರೇ ಹೆಚ್ಚಾಗಿ ಬರುವ ಪಾರ್ಕ್‌ಲ್ಯಾಂಡ್ ಸಾರ್ವಜನಿಕ ಆಸ್ಪತ್ರೆ ವಿಡಿಯೋ ಕೂಡ ಇಲ್ಲದೆ ಬರೀ ದೂರವಾಣಿ ಬಳಸಿತು. ಅಲ್ಲೂ ಫಲಿತಾಂಶ ಕೆಡಲಿಲ್ಲ. ಆದರೆ ಈ ಎಲ್ಲ ಕಡೆಗಳಲ್ಲೂ ದೂರದ ಮಾತುಕತೆಯ ಜೊತೆಗೆ ಆಸ್ಪತ್ರೆಯ ಭೇಟಿಯೂ ಇತ್ತು. ಕರೆದರೆ ಒದಗುವ ಆಸ್ಪತ್ರೆಯೂ ಇತ್ತು. 2025ರಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಸಂಸ್ಥೆ, ಎಲ್ಲರಿಗೂ ಒಂದೇ ಅಚ್ಚಿನ ವೇಳಾಪಟ್ಟಿ ಬೇಡ, ಪ್ರತಿಯೊಬ್ಬಳ ಸ್ಥಿತಿಗೆ ತಕ್ಕಂತೆ ಅದನ್ನು ಹೊಂದಿಸಬಹುದು ಎಂದು ಸಲಹೆ ಕೊಟ್ಟಿತು.

ಅಂಕಿ ಒಂದು, ಅರ್ಥ ಇನ್ನೊಂದು

ಈಗ ಬಿ.ಪಿ. ಯಂತ್ರಕ್ಕೆ ಬರಬಹುದು. ಬಸುರಿಯ ರಕ್ತದೊತ್ತಡವನ್ನು ಅಷ್ಟು ಸಲ ನೋಡುವುದು ಮುಖ್ಯವಾಗಿ ಒಂದು ಕಾಯಿಲೆಯ ಭಯದಿಂದ. ಬಸುರಿನ ನಂಜು, ವೈದ್ಯರ ಮಾತಿನಲ್ಲಿ ಪ್ರಿ-ಎಕ್ಲಾಂಪ್ಸಿಯಾ, ಸಾಮಾನ್ಯವಾಗಿ 20 ವಾರಗಳ ನಂತರ ಕಾಣಿಸಿಕೊಳ್ಳುತ್ತದೆ. ರಕ್ತದೊತ್ತಡ ಏರುತ್ತದೆ, ಬಹಳಷ್ಟು ಸಲ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ. ಮುಂದುವರಿದರೆ ಫಿಟ್ಸ್ ಬಂದು ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತಾಗಬಹುದು. ಆರಂಭದಲ್ಲಿ ಅವಳಿಗೆ ಏನೂ ಅನ್ನಿಸದಿರಬಹುದು ಎಂಬುದೇ ಇದರ ಕಪಟ.

ಅಳತೆ ಸರಿಯಾಗಿರಬೇಕಾದರೆ ಕ್ರಮ ಸರಿಯಾಗಿರಬೇಕು. ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಒರಗು ಕೊಟ್ಟು, ಕಾಲುಗಳನ್ನು ಒಂದರ ಮೇಲೊಂದು ಹಾಕದೆ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಅದಕ್ಕೆ ಮುಂಚಿನ ಅರ್ಧ ಗಂಟೆ ಕಾಫಿ, ಚಹಾ ಬೇಡ. ತೋಳು ಎದೆಯ ಮಟ್ಟದಲ್ಲಿರಲಿ. ಪಟ್ಟಿ ಬಟ್ಟೆಯ ಮೇಲಲ್ಲ, ಬರಿಯ ತೋಳಿಗೇ ಕಟ್ಟಬೇಕು. ತೋಳಿನ ಗಾತ್ರಕ್ಕೆ ಪಟ್ಟಿ ಚಿಕ್ಕದಾದರೆ ಅಂಕಿ ಹೆಚ್ಚು ತೋರಿಸುತ್ತದೆ. ಅಳೆಯುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು, ಎರಡನ್ನೂ ತಾರೀಖು, ವೇಳೆ ಸಮೇತ ಬರೆದಿಡಬೇಕು.

ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿದರೆ ಅಂದೇ ವೈದ್ಯರಿಗೆ ತಿಳಿಸಬೇಕು. 160 ಅಥವಾ 110 ಮುಟ್ಟಿದರೆ ಫೋನಿನಲ್ಲಿ ಸಲಹೆ ಕೇಳುತ್ತಾ ಕೂರುವ ಸಮಯ ಅದಲ್ಲ, ನೇರವಾಗಿ ಆಸ್ಪತ್ರೆಗೆ. ಇನ್ನೂ ಒಂದು ಸೂಕ್ಷ್ಮವಿದೆ. ಅಂಗಡಿಯಲ್ಲಿ ಸಿಗುವ ಎಲ್ಲ ಯಂತ್ರಗಳನ್ನೂ ಬಸುರಿಯರ ಮೇಲೆ ಪರೀಕ್ಷಿಸಿರುವುದಿಲ್ಲ. ನಂಜು ಇರುವವರಲ್ಲಿ ಕೆಲವು ಯಂತ್ರಗಳು ನಿಜವಾದ ಒತ್ತಡಕ್ಕಿಂತ ಕಡಿಮೆ ತೋರಿಸುತ್ತವೆ. ಮನೆಯ ಯಂತ್ರವನ್ನು ಒಮ್ಮೆ ಆಸ್ಪತ್ರೆಗೆ ಒಯ್ದು ಅಲ್ಲಿನದರೊಂದಿಗೆ ತಾಳೆ ನೋಡುವುದು ಒಳ್ಳೆಯದು.

ಬರೀ ಅಳೆಯುತ್ತಾ ಹೋದರೆ ಕಾಯಿಲೆ ಬೇಗ ಪತ್ತೆಯಾಗುತ್ತದೆಯೇ? ಇಂಗ್ಲೆಂಡಿನಲ್ಲಿ ನಂಜಿನ ಸಾಧ್ಯತೆ ಹೆಚ್ಚಿದ್ದ 2,441 ಗರ್ಭಿಣಿಯರ ಮೇಲೆ ನಡೆದ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಮನೆಯಲ್ಲಿ ಅಳೆದುಕೊಂಡವರಲ್ಲಿ ಆಸ್ಪತ್ರೆ ಅಧಿಕ ರಕ್ತದೊತ್ತಡವನ್ನು ಗುರುತಿಸಿದ್ದು ಉಳಿದವರಿಗಿಂತ ಬೇಗವೇನಲ್ಲ. ಯಂತ್ರ ಇದ್ದ ಮಾತ್ರಕ್ಕೆ ನಿಗಾ ಆಗುವುದಿಲ್ಲ ಎಂಬುದಕ್ಕೆ ಇದು ಒಳ್ಳೆಯ ಪುರಾವೆ.

ಬಡಿತ ಕೇಳಿದರೆ ಸಾಕೆ?

ಡಾಪ್ಲರ್ ಸಾಧನದ ಕಥೆ ಇನ್ನೂ ಎಚ್ಚರಿಕೆಯದು. ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ವಿವರಿಸಿದ ತತ್ವವೇ ಇದರ ಆಧಾರ. ಹತ್ತಿರ ಬರುವ ರೈಲಿನ ಸೀಟಿ ಏರಿದ ಸ್ವರದಲ್ಲಿಯೂ ದೂರ ಹೋಗುವಾಗ ಇಳಿದ ಸ್ವರದಲ್ಲಿಯೂ ಕೇಳಿಸುತ್ತದೆಯಲ್ಲ, ಅದೇ. ಹೊಟ್ಟೆಯೊಳಕ್ಕೆ ಕಳುಹಿಸಿದ ಶ್ರವಣಾತೀತ ಧ್ವನಿ, ಚಲಿಸುವ ರಕ್ತಕ್ಕೆ ಅಥವಾ ಮಿಡಿಯುವ ಹೃದಯಕ್ಕೆ ತಾಗಿ ಮರಳುವಾಗ ಅದರ ಆವೃತ್ತಿ ಬದಲಾಗುತ್ತದೆ. ಆ ಬದಲಾವಣೆಯನ್ನೇ ಸಾಧನ ಶಬ್ದವಾಗಿ ಕೇಳಿಸುತ್ತದೆ. ಮಗುವಿನ ಎದೆಬಡಿತ ಸಾಮಾನ್ಯವಾಗಿ ನಿಮಿಷಕ್ಕೆ 110ರಿಂದ 160.

ಆದರೆ ಸಾಧನಕ್ಕೆ ಯಾರ ರಕ್ತ ಎಂಬುದು ಗೊತ್ತಾಗುವುದಿಲ್ಲ. ತಾಯಿಯ ರಕ್ತನಾಳ, ಮಾಸಿನೊಳಗಿನ ಹರಿವು ಎಲ್ಲವೂ ಅದಕ್ಕೆ ಶಬ್ದವೇ. ಗಾಬರಿಗೊಂಡ ತಾಯಿಯ ನಾಡಿಯೂ ನೂರು ದಾಟಬಹುದು. ಮಗುವಿನ ಅಲುಗಾಟ ಕಡಿಮೆಯಾದಾಗ ಮನೆಯ ಡಾಪ್ಲರಿನಲ್ಲಿ ‘ಬಡಿತ’ ಕೇಳಿ ಸಮಾಧಾನಪಟ್ಟುಕೊಂಡು, ಆಸ್ಪತ್ರೆಗೆ ಹೋಗುವುದು ತಡವಾಗಿ ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳ ಪ್ರಕರಣವನ್ನು 2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿ ಎಚ್ಚರಿಸಿತು. 2014ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ ತಜ್ಞರ ಮೇಲ್ವಿಚಾರಣೆಯಿಲ್ಲದೆ ಇಂಥ ಸಾಧನ ಬಳಸಬೇಡಿ ಎಂದು ಹೇಳಿತು. ರೋಚೆಸ್ಟರಿನಲ್ಲಿ ನೆಮ್ಮದಿ ಕೊಟ್ಟದ್ದೂ ಇಂಥದೇ ಸಾಧನ. ಅಲ್ಲಿ ತರಬೇತಿ ಇತ್ತು, ಅಂಕಿ ಕೇಳಿ ಅರ್ಥ ಹೇಳುವ ದಾದಿ ಇದ್ದಳು. ವ್ಯತ್ಯಾಸ ಅಷ್ಟೆ, ಆದರೆ ಅದು ಜೀವದ ವ್ಯತ್ಯಾಸ.

ಮಗು ಎಂದಿನಂತೆ ಅಲುಗಾಡುತ್ತಿದೆಯೇ ಎಂದು ತಾಯಿಯ ಮೈ ತಾನೇ ಹೇಳುತ್ತದೆ. ಅದು ಕಡಿಮೆಯಾಯಿತೆಂದು ಅನ್ನಿಸಿದರೆ ಯಾವ ಯಂತ್ರವನ್ನೂ ಕೇಳದೆ ಅಂದೇ ಆಸ್ಪತ್ರೆಗೆ ಹೋಗಬೇಕು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮುಖ ಕೈಗಳಲ್ಲಿ ದಿಢೀರ್ ಊತ, ರಕ್ತಸ್ರಾವ, ಅವಧಿಗೆ ಮುಂಚೆ ನೀರು ಹೋಗುವುದು, ಜ್ವರ, ಫಿಟ್ಸ್: ಇವುಗಳಿಗೂ ಅದೇ ಮಾತು. ಕರ್ನಾಟಕದಲ್ಲಿ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ದೂರದಿಂದ ಆಗದ ಕೆಲಸ

ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆಯ ಪರೀಕ್ಷೆ, ಧನುರ್ವಾಯು ತಡೆಯುವ ಚುಚ್ಚುಮದ್ದು ಇವು ಫೋನಿನಲ್ಲಿ ಆಗುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52ರಷ್ಟು ಮಂದಿಗೆ ರಕ್ತಹೀನತೆ ಇತ್ತು. ‘ಹೇಗಿದ್ದೀಯಮ್ಮಾ?’ ಎಂದರೆ ‘ಚೆನ್ನಾಗಿದ್ದೇನೆ’ ಎನ್ನುವವರೇ ಇವರಲ್ಲಿ ಹೆಚ್ಚು. ಟೇಪು ಹಿಡಿದು ಹೊಟ್ಟೆಯ ಎತ್ತರ ಅಳೆಯುವುದೂ ಅನುಭವಿ ಕೈಗಳ ಕೆಲಸ. 24 ವಾರಗಳ ನಂತರ ಅದು ಸೆಂಟಿಮೀಟರಿನಲ್ಲಿ ಹೆಚ್ಚುಕಡಿಮೆ ವಾರಗಳ ಸಂಖ್ಯೆಯಷ್ಟೇ ಇರುತ್ತದೆ. ಹಿಂದೆ ಬಿದ್ದರೆ ಮಗು ಬೆಳೆಯುತ್ತಿಲ್ಲವೇನೋ ಎಂದು ಶಂಕಿಸಬೇಕು. ಮಗು ತಲೆ ಕೆಳಗಾಗಿದೆಯೋ ಇಲ್ಲವೋ ಎಂದು 36ನೆಯ ವಾರದ ಹೊತ್ತಿಗೆ ಮುಟ್ಟಿಯೇ ನೋಡಬೇಕು. ಸ್ಕ್ಯಾನಿಂಗ್ ಅಂತೂ 1994ರ ಕಾಯಿದೆಯ ಪ್ರಕಾರ ನೋಂದಾಯಿತ ಕೇಂದ್ರದಲ್ಲೇ ಆಗಬೇಕು.

ಇನ್ನೂ ಒಂದು ಇದೆ, ಅದು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಬಸುರಿ ದಾದಿಯೊಂದಿಗೆ ಒಬ್ಬಳೇ ಇರುತ್ತಾಳೆ. ಮನೆಯಲ್ಲಿ ಫೋನಿನ ಪಕ್ಕದಲ್ಲಿ ಅತ್ತೆಯೋ ಗಂಡನೋ ಕುಳಿತಿರಬಹುದು. ಹೊಡೆತ ಬಿದ್ದದ್ದು, ಊಟ ಸೇರದಿರುವುದು, ರಾತ್ರಿಯೆಲ್ಲ ಅಳು ಬರುವುದು ಇವನ್ನೆಲ್ಲ ಆಕೆ ಆಗ ಹೇಳುವಳೇ? ಫೋನಾದರೂ ಆಕೆಯದೇ ಎನ್ನುವಂತಿಲ್ಲ. ತಾವೇ ಬಳಸುವ ಮೊಬೈಲ್ ಇದ್ದ ಹೆಂಗಸರು ಅದೇ ಸಮೀಕ್ಷೆಯಲ್ಲಿ ಸುಮಾರು ಶೇ 54 ಮಾತ್ರ.

‘ತೊಡಕಿಲ್ಲದ ಬಸುರಿ’ ಎಂಬ ಮಾತನ್ನೂ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಬಿ.ಪಿ., ಸಕ್ಕರೆ ಕಾಯಿಲೆ, ಹೃದ್ರೋಗ ಇಲ್ಲದಿದ್ದರೆ, ಅವಳಿ ಅಲ್ಲದಿದ್ದರೆ, ಹಿಂದಿನ ಹೆರಿಗೆಯಲ್ಲಿ ತೊಂದರೆ ಆಗಿರದಿದ್ದರೆ ವೈದ್ಯರು ಹಾಗೆನ್ನುತ್ತಾರೆ. ಅದು ಒಂಬತ್ತು ತಿಂಗಳಿಗೆ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಪ್ರತಿ ತಪಾಸಣೆಯಲ್ಲೂ ಹೊಸದಾಗಿ ಕೇಳಬೇಕಾದ ಪ್ರಶ್ನೆ.

ತವರಿನ ದಾರಿಯಲ್ಲಿ

ಭಾರತದ ಸರ್ಕಾರಿ ಪದ್ಧತಿಯಲ್ಲಿ ಕನಿಷ್ಠ ನಾಲ್ಕು ತಪಾಸಣೆಗಳನ್ನು ನಿಗದಿ ಮಾಡಿದ್ದಾರೆ: 12 ವಾರಗಳೊಳಗೆ, 14ರಿಂದ 26ರಲ್ಲಿ, 28ರಿಂದ 34ರಲ್ಲಿ, 36ರ ನಂತರ. 2019–21ರ ಸಮೀಕ್ಷೆಯಲ್ಲಿ ನಾಲ್ಕನ್ನಾದರೂ ಪೂರೈಸಿದವರು ದೇಶದಲ್ಲಿ ಶೇ 58. ಇಲ್ಲಿ ಮೊದಲ ಚಿಂತೆ ಭೇಟಿ ಕಡಿಮೆ ಮಾಡುವುದಲ್ಲ, ಇರುವಷ್ಟನ್ನು ತಪ್ಪಿಸದಿರುವುದು. ಅದಕ್ಕೆ ದೂರದ ನೆರವು ಒದಗಿದರೆ ಅದು ವರವೇ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಫೋನಿನ ಸಲಹೆಗೆ ಅಧಿಕೃತ ಚೌಕಟ್ಟು ಕೊಟ್ಟಿತು. ಸರ್ಕಾರದ ಇ-ಸಂಜೀವಿನಿ ಸೇವೆಯಲ್ಲಿ ರೋಗಿಗಳು ಮನೆಯಿಂದಲೇ ವೈದ್ಯರನ್ನು ಕಾಣುವ ಸೌಲಭ್ಯ ಅದೇ ವರ್ಷದ ಏಪ್ರಿಲ್‌ನಲ್ಲಿ ಆರಂಭವಾಯಿತು. ಯಂತ್ರಕ್ಕೂ ಮುಂಚಿನಿಂದ ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯಂತೂ ಇದ್ದೇ ಇದ್ದಾಳೆ. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯೂ ನಡೆಯುತ್ತಿದೆ.

ಸೀಮಂತದ ಲೆಕ್ಕವನ್ನು ಈಗ ಮತ್ತೊಮ್ಮೆ ನೋಡಬಹುದು. ಏಳನೆಯ ತಿಂಗಳು ಎಂದರೆ 28ನೆಯ ವಾರದ ಆಸುಪಾಸು. ಊರು ಬದಲಾಗಿ, ವೈದ್ಯರು ಬದಲಾಗಿ, ನಾಲ್ಕಾರು ವಾರ ಹಾಗೇ ಜಾರಿದರೆ ಬರುವುದು 32, 34. ಅಂತರ ಬೀಳಬಾರದು ಎಂದು ಪ್ರಯೋಗ ತೋರಿಸಿದ ವಾರಗಳೇ ಅವು. ಪದ್ಧತಿ ಬಿಡಬೇಕಾಗಿಲ್ಲ. ತಾಯಿಯ ಆರೈಕೆಯಲ್ಲಿ ಮಗಳು ಹೆರುವುದರಲ್ಲಿ ಒಂದು ಸಮಾಧಾನವಿದೆ. ಆದರೆ ಮಡಿಲಕ್ಕಿಯ ಜೊತೆಗೆ ತಾಯಿ ಕಾರ್ಡ್, ರಕ್ತ ಪರೀಕ್ಷೆಯ ಚೀಟಿ, ಸ್ಕ್ಯಾನಿಂಗ್ ವರದಿ ಇಷ್ಟೂ ಚೀಲದಲ್ಲಿ ಬರಬೇಕು. ತವರು ಸೇರಿದ ವಾರದಲ್ಲೇ ಹೊಸ ಆಸ್ಪತ್ರೆಯಲ್ಲಿ ಹೆಸರು ಬರೆಸಬೇಕು. ಯಾವ ಅಂಕಿ ಕಂಡರೆ ಯಾರಿಗೆ ಫೋನ್ ಮಾಡಬೇಕು, ನಡುರಾತ್ರಿಯಾದರೆ ಯಾವ ವಾಹನ, ಯಾವ ಆಸ್ಪತ್ರೆ ಎಂದು ಮೊದಲೇ ಬರೆದು ಗೋಡೆಗೆ ಅಂಟಿಸಿರಬೇಕು.

ಆ ಚೀಟಿಯನ್ನು ಬರೆಯುವ ಕೆಲಸ ಪಿ.ಯು.ಸಿ. ಓದುವ ತಮ್ಮ ತಂಗಿಯರಿಗೆ ಸಲ್ಲಲಿ. ಅಕ್ಕನ ತೋಳಿಗೆ ಪಟ್ಟಿ ಕಟ್ಟಿ, ಅಂಕಿಯನ್ನು ಪುಸ್ತಕದಲ್ಲಿ ಬರೆದು, 140 ಕಂಡಾಗ ‘ಯಂತ್ರ ಸರಿಯಿಲ್ಲವೇನೋ’ ಎಂದು ಸುಮ್ಮನಾಗದೆ ಅಪ್ಪನನ್ನು ಎಬ್ಬಿಸುವ ಹುಡುಗ ಅಥವಾ ಹುಡುಗಿ ಇರುವ ಮನೆಯಲ್ಲಿ ಆ ಯಂತ್ರಕ್ಕೆ ಬೆಲೆ ಬಂದಂತೆ.